ಅಂಚು

ಚೂಡಾಮಣಿ ಸೀರೆ ನೋಡುವುದು ಅಂಚಿನಿಂದ.
ಇಪ್ಪತ್ತೆರಡು ವರ್ಷ ರೇಷ್ಮೆಯಂಗಡಿಯಲ್ಲಿ
ಮಡಿಕೆ ಬಿಡಿಸಿ, ಮಡಿಕೆ ಮಡಿಸಿ
ಬೆರಳಿಗೆ ಹತ್ತಿದ ಬುದ್ಧಿ.
"ಮೈ ಯಾರು ಬೇಕಾದ್ರೂ ನೇಯ್ತಾರೆ ಕಣೆ,
ಕೈ ಗೊತ್ತಾಗೋದು ಅಂಚಲ್ಲಿ."

ಪಿಜ್ಜಾ ಬಂದರೂ ಅಷ್ಟೆ.
ನಡುವಿನ ಚೀಸು, ಸಿಂಗಾರ ಒಂದನ್ನೂ ನೋಡಳು.
ಅಂಚು ಮುರಿದು ಕಿವಿಯ ಹತ್ತಿರ ಹಿಡಿಯುತ್ತಾಳೆ.
ಪಕ್ಕದ ಮೇಜಿನವರು ಕೈಯಲ್ಲಿನ ತುಂಡು ಮರೆತು
ನಮ್ಮನ್ನೇ ನೋಡುತ್ತಾರೆ.

ನಾನು ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡುವವಳು.
ನನಗೆ ಕೆಂಪು ಗೊತ್ತು.
ಟೊಮೆಟೊ ಬೆಂದ ಕೆಂಪು ಯಾವುದು,
ಡಬ್ಬಿಯಿಂದ ಸುರಿದ ಕೆಂಪು ಯಾವುದು
ದೂರದಿಂದಲೇ ಹೇಳಬಲ್ಲೆ.

ಪ್ರತಿ ಮಂಗಳವಾರ ಅವಳ ರಜ, ನನ್ನ ಬೆಳಗಿನ ಪಾಳಿ,
ಸಂಜೆಗೆ ಅವಳ ಸ್ಕೂಟರು.
ಸರಸ್ವತಿಪುರಂನ ಬೇಕರಿಯಲ್ಲಿ
ಬನ್ನಿನ ಮೇಲೆ ಎಲೆಕೋಸು, ಕ್ಯಾರೆಟ್ ತುರಿ,
ಕೆಚಪ್ಪಿನ ಎಳೆ ರಂಗೋಲಿ, ನಟ್ಟನಡುವೆ ಒಂದು ಚೆರ್ರಿ:
ಊಟಕ್ಕೋ ಹುಟ್ಟುಹಬ್ಬಕ್ಕೋ ಅದಕ್ಕೇ ತಿಳಿಯದು.
ಮಾಲಿನ ಮೂರನೇ ಮಹಡಿಯದ್ದು
ರಬ್ಬರ್ ಮೊಹರು, ಎಲ್ಲಿ ಒತ್ತಿದರೂ ಅದೇ.
ಬೋಗಾದಿ ರಸ್ತೆಯಲ್ಲಿ ಪಾಸ್ತಾ
ಬೆಂದು ಬೆಂದು ಶಾವಿಗೆಯಾಗಿತ್ತು.
"ಸಕ್ಕರೆ, ಏಲಕ್ಕಿ ಮರೆತಿದ್ದೀರಾ?" ಎಂದಳು ಇವಳು,
ಪಾಪ, ಆ ಹುಡುಗ ತರಲು ಹೊರಟೇಬಿಟ್ಟ.

ಗೋಕುಲಂ ಬಗ್ಗೆ ಸುಳ್ಳು ಹೇಳಬಾರದು.
ಯೋಗಕ್ಕೆ ಬಂದ ಪರದೇಶದವರ ನಡುವೆ
ಕಾಲು ಮಡಿಸಿ ಕೂತು ತಿಂದೆವು, ಅಂಚು ಚೆನ್ನಾಗಿತ್ತು.
ಬಿಲ್ಲು ನೋಡಿ
ಮುಂದಿನ ಎರಡು ಮಂಗಳವಾರ ಮನೆಯಲ್ಲೇ ಉಪ್ಪಿಟ್ಟು.

ಆಮೇಲೊಂದು ಸಂಜೆ ಮಂಡಿ ಮೊಹಲ್ಲಾದಲ್ಲಿ ಪಂಕ್ಚರು.
ತಳ್ಳಿಕೊಂಡು ಬರುವಾಗ
ಹಿಟ್ಟಿನ ಗಿರಣಿಯ ಪಕ್ಕದ ಸಂದಿಯಿಂದ
ಕಟ್ಟಿಗೆ ಹೊಗೆ, ಹುಳಿ ಹಿಟ್ಟು ಸುಡುವ ವಾಸನೆ.
ಬೋರ್ಡಿಲ್ಲ. ಹಳೆಯ ಬನ್ನಿನ ಭಟ್ಟಿ.
ಎದುರು ಇನಾಯತ್, ಮೊಣಕೈವರೆಗೂ ಬಿಳಿ.
ಮಸ್ಕತ್ತಿನ ಹೋಟೆಲಿನಲ್ಲಿ ಇಟಲಿಯವನೊಬ್ಬನ ಕೆಳಗೆ
ಆರು ವರ್ಷ ಪಾತ್ರೆ ತೊಳೆದು
ಏಳನೆಯ ವರ್ಷ ಹಿಟ್ಟು ಮುಟ್ಟಿದವನು.
ದಿನಕ್ಕೆ ಹದಿನಾರೇ ಮಾಡುತ್ತಾನೆ.
"ಎರಡು ದಿನ ಮಲಗಿಸ್ತೀನಿ ಅಕ್ಕಾ,
ಹಿಟ್ಟಿಗೂ ನಿದ್ದೆ ಆಗ್ಬೇಕು."

ಚೂಡಾಮಣಿ ಅಂಚು ಮುರಿದಳು. ಕಿವಿಗೆ ಹಿಡಿದಳು.
ಇನ್ನೊಮ್ಮೆ ಮುರಿದಳು.
ಕೆಂಪಿಗೆ ನಾನೂ ತಲೆದೂಗಿದೆ.
"ಏನೋ ಒಂದು ಕಮ್ಮಿ" ಎಂದದ್ದು ಇನಾಯತ್ತೇ.
"ಬೇಸಿಲ್. ಬೆಂಗಳೂರಿಂದ ಬರ್ಬೇಕು,
ಬರೋಷ್ಟರಲ್ಲಿ ಕಪ್ಪಾಗಿರತ್ತೆ."
ಡಬ್ಬಿಯ ತಳದ ಒಣಗಿದ ಎಲೆ ಅಂಗೈಗೆ ಸುರಿದ.
ಇವಳು ಮೂಸಿ, ಹಣೆ ಬಡಿದುಕೊಂಡಳು:
"ಅಯ್ಯೋ ಇದು ಕಾಮಕಸ್ತೂರಿ ಕಣಪ್ಪಾ!
ನಮ್ಮಜ್ಜಿ ದಿನಾ ಮುಡೀತಿದ್ಳು."

ಮುಂದಿನ ಮಂಗಳವಾರ ದೇವರಾಜ ಮಾರುಕಟ್ಟೆ.
ದವನ, ಮರುಗ, ಸೇವಂತಿಗೆಯ ಗುಡ್ಡದ ಹಿಂದೆ
ಪುಟ್ಟಸಿದ್ದಮ್ಮ.
"ಎಷ್ಟು ಮೊಳ ಅಳೀಲವ್ವಾ?"
"ಕಟ್ಟೋದು ಬೇಡ. ಕಾಮಕಸ್ತೂರಿ ಹಾಗೇ ಕೊಡಿ. ಪಿಜ್ಜಾಕ್ಕೆ."
ನೀರು ಚಿಮುಕಿಸುವ ಕೈ ನಿಂತಿತು.
"ಪಿಜ್ಜಾ? ಅದ್ಯಾವ ದೇವ್ರವ್ವಾ?"

ಎಲೆ ಬಿಸಿ ತಗುಲಿ ಮೆತ್ತಗೆ ಮಗ್ಗುಲಾಯಿತು.
ಇನಾಯತ್ ತಿಂದು ನೋಡಿದ. "ಇಟಲಿಯವನದಕ್ಕಿಂತ
ಇದು ಒಂಚೂರು ಜೋರು, ಲವಂಗದ ಥರ."
ಬೇಡವೆಂದೇನೂ ಹೇಳಲಿಲ್ಲ.
ನೂರಾ ನಲವತ್ತರಲ್ಲಿ
ಸೊಪ್ಪಿನ ಇಪ್ಪತ್ತು ಮುರಿದುಕೊಂಡ.

ಉಳಿದ ಎರಡು ಕುಡಿ ಚೂಡಾಮಣಿ ಜಡೆಗೆ ಸಿಕ್ಕಿಸಿಕೊಂಡಳು.
ಸ್ಕೂಟರಿನ ಹಿಂದೆ ಕೂತ ನನಗೆ
ಅಶೋಕ ರಸ್ತೆಯುದ್ದಕ್ಕೂ
ಹೊಟ್ಟೆ ತುಂಬಿದ್ದರೂ ಮತ್ತೆ ಹಸಿವು,
ಯಾವುದು ಮುಡಿ, ಯಾವುದು ಊಟ
ತಿಳಿಯದ ಹಾಗೆ.